ಅತಿ ಕಷ್ಟದ ಚಳಿಗಾಲ ಯಾವ ಊರಿನದು? ಥರ್ಮಾಮೀಟರ್ ಹೇಳದ ಸತ್ಯ ಇಲ್ಲಿದೆ

ಡಿಸೆಂಬರ್ ಬಂತೆಂದರೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಚಳಿಯ ಪೈಪೋಟಿ ಶುರುವಾಗುತ್ತದೆ. ದೆಹಲಿಯಲ್ಲಿರುವ ಮಗ ದಟ್ಟ ಮಂಜಿನ ಫೋಟೊ ಕಳಿಸುತ್ತಾನೆ. ಅಮೆರಿಕದಲ್ಲಿರುವ ಅಕ್ಕ ಹಿಮದಲ್ಲಿ ಹೂತುಹೋದ ಕಾರಿನ ವಿಡಿಯೊ ಹಾಕುತ್ತಾಳೆ. ಬೀದರಿನ ಮಾವ ‘ಇಲ್ಲಿ ಬಂದು ನೋಡ್ರಿ, ಥಂಡಿ ಅಂದ್ರೇನು ಗೊತ್ತಾಗ್ತದ’ ಎನ್ನುತ್ತಾರೆ. ಅಷ್ಟರಲ್ಲಿ ಇನ್ನೊಬ್ಬರು ‘ಜಗತ್ತಿನ ಎರಡನೇ ಅತಿ ಶೀತದ ಊರು ನಮ್ಮ ಭಾರತದಲ್ಲೇ ಇದೆ, ಹೆಮ್ಮೆಯಿಂದ ಶೇರ್ ಮಾಡಿ’ ಎಂಬ ಫಾರ್ವರ್ಡ್ ಹಾಕಿ ಚರ್ಚೆ ಮುಗಿಸುತ್ತಾರೆ.

ನಿಜಕ್ಕೂ ಯಾವ ಊರಿನ ಚಳಿಗಾಲ ಅತಿ ಕಷ್ಟದ್ದು? ಇದನ್ನು ಅಳೆಯಲು ಸಾಧ್ಯವೇ? ಒಂದೊಂದೇ ಲೆಕ್ಕವನ್ನು ನೋಡೋಣ. ಕೊನೆಗೆ ಸಿಗುವ ಉತ್ತರ ನಮ್ಮ ನಿಮ್ಮ ಮನೆಯ ಹಿರಿಯರ ಆರೋಗ್ಯಕ್ಕೂ ಸಂಬಂಧಿಸಿದ್ದು.

ಮೊದಲ ಲೆಕ್ಕ: ಎಷ್ಟು ಡಿಗ್ರಿ?

ಬರೀ ಉಷ್ಣಾಂಶ ನೋಡಿದರೆ ಮೊದಲ ಸ್ಥಾನ ಅಂಟಾರ್ಕ್ಟಿಕಾದ್ದು. ಅಲ್ಲಿನ ವೊಸ್ಟೊಕ್ ಸಂಶೋಧನಾ ಕೇಂದ್ರದಲ್ಲಿ 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಆದರೆ ಅದು ಜನ ಸಂಸಾರ ಹೂಡಿ ಬದುಕುವ ಊರಲ್ಲ. ಜನವಸತಿ ಇರುವ ಜಾಗಗಳಲ್ಲಿ ರಷ್ಯಾದ ಸೈಬೀರಿಯಾಕ್ಕೆ ಸರಿಸಾಟಿ ಇಲ್ಲ. ಅಲ್ಲಿನ ಓಮ್ಯಕಾನ್ ಎಂಬ ಹಳ್ಳಿಯಲ್ಲಿ 1933ರಲ್ಲಿ ಮೈನಸ್ 67.7 ಡಿಗ್ರಿ ದಾಖಲಾಗಿದೆ. ಮೂರು ಲಕ್ಷಕ್ಕೂ ಹೆಚ್ಚು ಜನರಿರುವ ಯಾಕುಟ್ಸ್ಕ್ ನಗರದಲ್ಲಿ ಜನವರಿಯ ಸರಾಸರಿಯೇ ಮೈನಸ್ 40ರ ಹತ್ತಿರ.

ಹಾಗಾದರೆ ಫಾರ್ವರ್ಡ್‌ನಲ್ಲಿ ಬರುವ ನಮ್ಮ ದ್ರಾಸ್? ಲಡಾಖಿನ ಈ ಊರಿನ ಚಳಿ ಸಾಮಾನ್ಯವಲ್ಲ, ಜನವರಿಯ ರಾತ್ರಿಗಳಲ್ಲಿ ಮೈನಸ್ 20ರ ಆಸುಪಾಸಿಗೆ ಇಳಿಯುವುದು ಅಲ್ಲಿ ಮಾಮೂಲು. ‘ಜಗತ್ತಿನ ಎರಡನೇ ಅತಿ ಶೀತದ ಜನವಸತಿ’ ಎಂಬ ಫಲಕವೂ ಅಲ್ಲಿದೆ. ಆದರೆ ಸೈಬೀರಿಯಾದ ಹತ್ತಾರು ಊರುಗಳಲ್ಲಿ ಜನವರಿಯ ಹಗಲು ಕೂಡ ದ್ರಾಸ್‌ನ ರಾತ್ರಿಗಿಂತ ಹೆಚ್ಚು ಕೊರೆಯುತ್ತದೆ. ಆದ್ದರಿಂದ ‘ಎರಡನೇ ಸ್ಥಾನ’ ಎಂಬ ಮಾತು ನಿಲ್ಲುವುದಿಲ್ಲ. ಹಾಗೆಂದು ದ್ರಾಸ್ ಜನರ ಕಷ್ಟವೇನೂ ಕಡಿಮೆಯಾಗುವುದಿಲ್ಲ.

ಎರಡನೇ ಲೆಕ್ಕ: ಗಾಳಿ ಎಷ್ಟು?

ನಮ್ಮ ಮೈ ಸುತ್ತ ಬೆಚ್ಚನೆಯ ಗಾಳಿಯ ತೆಳುವಾದ ಪದರ ಇರುತ್ತದೆ. ಜೋರು ಗಾಳಿ ಬೀಸಿದರೆ ಅದು ಹಾರಿಹೋಗಿ, ದೇಹದ ಬಿಸಿ ಬೇಗ ಸೋರಿಹೋಗುತ್ತದೆ. ಇದನ್ನೇ ‘ವಿಂಡ್ ಚಿಲ್’ ಎನ್ನುತ್ತಾರೆ. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ವಿಜ್ಞಾನಿಗಳು ಅಂಟಾರ್ಕ್ಟಿಕಾದಲ್ಲಿ, ನೀರು ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ನೋಡಿ ಇದರ ಮೊದಲ ಲೆಕ್ಕ ಹಾಕಿದರು. ಅಮೆರಿಕ ಮತ್ತು ಕೆನಡಾ 2001ರಲ್ಲಿ ಹೊಸ ಸೂತ್ರಕ್ಕೆ ಬಂದವು. ಅದರ ಪ್ರಕಾರ ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ಸುಮಾರು ಮೈನಸ್ 20ರ ಅನುಭವವಾಗುತ್ತದೆ.

ಹಾಗಾಗಿ ಗಾಳಿಯೇ ಆಡದ ಮೈನಸ್ 15ರ ಊರಿಗಿಂತ, ಗಾಳಿ ಬೀಸುವ ಮೈನಸ್ 10ರ ಊರು ಹೆಚ್ಚು ನಡುಗಿಸಬಹುದು.

ಮೂರನೇ ಲೆಕ್ಕ: ಚಳಿಗಾಲಕ್ಕೂ ಅಂಕಪಟ್ಟಿ

ಅಮೆರಿಕದ ಹವಾಮಾನ ತಜ್ಞರು ಒಂದು ಹೆಜ್ಜೆ ಮುಂದೆ ಹೋಗಿ ಚಳಿಗಾಲಕ್ಕೇ ಅಂಕ ಕೊಡುವ ಸೂಚ್ಯಂಕ ಮಾಡಿದ್ದಾರೆ. 2015ರಲ್ಲಿ ಪ್ರಕಟವಾದ ಇದರ ಚಿಕ್ಕ ಹೆಸರು ‘ಆಸಿ’. ಪ್ರತಿ ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ, ಬಿದ್ದ ಹಿಮ, ನೆಲದ ಮೇಲೆ ಕರಗದೆ ನಿಂತ ಹಿಮ ಇವಕ್ಕೆಲ್ಲ ಅಂಕ. ಸೀಸನ್ ಮುಗಿಯುವವರೆಗೆ ಕೂಡಿಸುತ್ತಾ ಹೋಗುತ್ತಾರೆ. ಮೊತ್ತ ಹೆಚ್ಚಾದಷ್ಟೂ ಚಳಿಗಾಲ ಕಠಿಣ.

ಆದರೆ ಇದಕ್ಕೂ ಮಿತಿಗಳಿವೆ. ಗಾಳಿಯನ್ನು ಇದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಸ್ತೆಯನ್ನು ಗಾಜಿನಂತೆ ಜಾರುವಂತೆ ಮಾಡುವ ಹೆಪ್ಪುಗಟ್ಟುವ ಮಳೆಗೂ ಅಂಕವಿಲ್ಲ. ಸಿಯಾಟಲ್‌ನಂಥ ನಗರದಲ್ಲಿ ಹಿಮ ಕಡಿಮೆ, ಹಾಗಾಗಿ ಅಂಕವೂ ಕಡಿಮೆ. ಆದರೆ ಡಿಸೆಂಬರಿನಲ್ಲಿ ಅಲ್ಲಿ ಹಗಲು ಎಂಟೂವರೆ ಗಂಟೆಯಷ್ಟೇ, ಅದೂ ಮೋಡ ಕವಿದು ಜಿನುಗು ಮಳೆಯಲ್ಲೇ ಕಳೆಯುತ್ತದೆ. ಬಿಸಿಲು ಕಡಿಮೆಯಾದಾಗ ಕೆಲವರಿಗೆ ಪ್ರತಿ ವರ್ಷ ಮನಸ್ಸು ಕುಗ್ಗುವ ಸಮಸ್ಯೆ ಬರುತ್ತದೆ ಎಂಬುದನ್ನು ವೈದ್ಯರು 1984ರಿಂದಲೇ ಗುರುತಿಸಿದ್ದಾರೆ. ಈ ಕಷ್ಟ ಯಾವ ಹಿಮದ ಅಳತೆಗೂ ಸಿಗದು.

ನಾಲ್ಕನೇ ಲೆಕ್ಕ: ಚಳಿಗೆ ಯಾರು ಸಾಯುತ್ತಾರೆ?

ಅಚ್ಚರಿ ಇರುವುದು ಇಲ್ಲಿ. ಚಳಿ ಹೆಚ್ಚಿರುವ ದೇಶದಲ್ಲಿ ಚಳಿಗಾಲದ ಸಾವೂ ಹೆಚ್ಚಿರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಲೆಕ್ಕ ಉಲ್ಟಾ ಇದೆ. ಯುರೋಪಿನ 14 ದೇಶಗಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಉಳಿದ ತಿಂಗಳುಗಳಿಗಿಂತ ಚಳಿಗಾಲದಲ್ಲಿ ಸಾವು ಹೆಚ್ಚುವ ಪ್ರಮಾಣ ಪೋರ್ಚುಗಲ್‌ನಲ್ಲಿ ಶೇ 28. ಹಿಮದಲ್ಲಿ ಮುಳುಗುವ ಫಿನ್‌ಲ್ಯಾಂಡ್‌ನಲ್ಲಿ ಶೇ 10 ಮಾತ್ರ!

ಕಾರಣವೇನು? 1997ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಸುಳಿವು ಕೊಡುತ್ತದೆ. ಹೊರಗೆ 7 ಡಿಗ್ರಿ ಇದ್ದಾಗ ದಕ್ಷಿಣ ಫಿನ್‌ಲ್ಯಾಂಡಿನ ಮನೆಗಳ ಹಾಲ್‌ನಲ್ಲಿ 21.7 ಡಿಗ್ರಿ, ಗ್ರೀಸಿನ ಅಥೆನ್ಸ್‌ನಲ್ಲಿ 19.2 ಡಿಗ್ರಿ. ಅದೇ ಚಳಿಯಲ್ಲಿ ಹೊರಗೆ ಹೋಗುವಾಗ ಟೋಪಿ ಹಾಕುತ್ತಿದ್ದವರು ಫಿನ್‌ಲ್ಯಾಂಡಿನಲ್ಲಿ ಶೇ 72, ಅಥೆನ್ಸ್‌ನಲ್ಲಿ ಶೇ 13. ಮೈನಸ್ 40ರ ಯಾಕುಟ್ಸ್ಕ್‌ನಲ್ಲೂ ಸಂಶೋಧಕರು ವಿಚಾರಿಸಿದರು. ದಪ್ಪ ತುಪ್ಪಳದ ಬಟ್ಟೆ, ಬೆಚ್ಚನೆಯ ಮನೆ, ವಿಪರೀತ ಚಳಿಯಲ್ಲಿ ಹೊರಗೆ ಕಾಲಿಡದ ಅಭ್ಯಾಸ, ಇವುಗಳಿಂದಾಗಿ ಬೇರೆಡೆ ಚಳಿಗೆ ಹೆಚ್ಚುವ ಸಾವುಗಳು ಅಲ್ಲಿ ಅಷ್ಟಾಗಿ ಹೆಚ್ಚಿರಲಿಲ್ಲ. ಉಸಿರಾಟದ ಕಾಯಿಲೆಗಳು ಮಾತ್ರ ಇದಕ್ಕೆ ಹೊರತಾಗಿದ್ದವು.

ಅಂದರೆ, ಚಳಿ ಎಷ್ಟಿದೆ ಎನ್ನುವುದಕ್ಕಿಂತ ಆ ಊರು ಚಳಿಗೆ ಎಷ್ಟು ತಯಾರಾಗಿದೆ ಎನ್ನುವುದು ಮುಖ್ಯ.

ದೆಹಲಿಯಿಂದ ಬೀದರ್‌ವರೆಗೆ

ಈಗ ನಮ್ಮ ದೇಶಕ್ಕೆ ಬರೋಣ. ಉತ್ತರ ಭಾರತದ ಬಯಲು ಸೀಮೆಯ ಬಹುತೇಕ ಮನೆಗಳು ಬೇಸಿಗೆಯ ಸೆಕೆ ತಡೆಯಲೆಂದು ಕಟ್ಟಿದವು. ಮನೆ ಬೆಚ್ಚಗಿಡುವ ವ್ಯವಸ್ಥೆ ಇಲ್ಲ. ಮಂಜು ಕವಿದ ದಿನ ಬಿಸಿಲೇ ನೆಲಕ್ಕೆ ತಲುಪುವುದಿಲ್ಲ. ದೆಹಲಿಯಲ್ಲಿ 2019ರ ಡಿಸೆಂಬರ್ 30ರಂದು ಹಗಲಿನ ಗರಿಷ್ಠ ಉಷ್ಣಾಂಶವೇ 9.4 ಡಿಗ್ರಿ. ಇಂಥ ದಿನ ಮನೆಯ ಒಳಗೂ ಹೊರಗೂ ಒಂದೇ ಚಳಿ. ಮೇಲಿನ ಗಾಳಿ ಬೆಚ್ಚಗಿದ್ದು ನೆಲದ ಹತ್ತಿರದ ಗಾಳಿ ತಣ್ಣಗಿರುವುದರಿಂದ ಹೊಗೆಯೂ ಮೇಲೇರದೆ ಅಲ್ಲೇ ನಿಲ್ಲುತ್ತದೆ. ಫುಟ್‌ಪಾತಿನಲ್ಲಿ ಮಲಗುವವರ ಪಾಡು ಕೇಳುವುದೇ ಬೇಡ.

ಕರ್ನಾಟಕದಲ್ಲೂ ಬೀದರ್, ಕಲಬುರಗಿ, ವಿಜಯಪುರ ಕಡೆ ಶೀತಗಾಳಿಯ ಎಚ್ಚರಿಕೆ ಬರುವುದುಂಟು. ಹವಾಮಾನ ಇಲಾಖೆಯ ನಿಯಮದಂತೆ ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದು, ವಾಡಿಕೆಗಿಂತ 4.5 ಡಿಗ್ರಿಯಷ್ಟು ಇಳಿದರೆ ಅದು ಶೀತಗಾಳಿ. ಗಮನಿಸಿ, ‘ವಾಡಿಕೆಗಿಂತ’ ಎಂಬ ಮಾತು ಇಲ್ಲೂ ಇದೆ. ದ್ರಾಸ್‌ನವರಿಗೆ 8 ಡಿಗ್ರಿ ಹಿತವಾದ ದಿನ, ತೆಳು ಚಾದರ ಹೊದ್ದ ಬೀದರಿನ ಅಜ್ಜಿಗೆ ಅದೇ 8 ಡಿಗ್ರಿ ಅಪಾಯ.

ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ಬಿಪಿ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಹೃದಯಾಘಾತ, ಪಾರ್ಶ್ವವಾಯುವಿಗೆ ಇದು ದಾರಿ. 13 ದೇಶಗಳ 7.4 ಕೋಟಿ ಸಾವುಗಳನ್ನು ಪರಿಶೀಲಿಸಿದ 2015ರ ಅಧ್ಯಯನದಲ್ಲಿ ಶೇ 7.29ರಷ್ಟು ಸಾವುಗಳಿಗೆ ಚಳಿಯ ನಂಟಿತ್ತು, ಸೆಕೆಗೆ ಶೇ 0.42ರಷ್ಟು ಮಾತ್ರ. ಅದರಲ್ಲೂ ಬಹುಪಾಲು ಸಾವುಗಳು ಕೊರೆಯುವ ಚಳಿಯ ದಿನಗಳಲ್ಲಿ ಆದವಲ್ಲ. ‘ಇದೇನು ಮಹಾ ಚಳಿ’ ಎಂದು ಸುಮ್ಮನಾಗುವಂಥ ಸಾಧಾರಣ ಚಳಿಯ ದಿನಗಳಲ್ಲಿ ಆದವು.

ಈ ಎರಡು ಸಲಹೆಗಳನ್ನು ನಂಬಬೇಡಿ

‘ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಬಾಗಿಲು ಹಾಕಿ ಮಲಗಿ’: ಇದು ಜೀವಕ್ಕೇ ಕುತ್ತು. ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಮಲಗಿದವರು ಏಳುವುದೇ ಇಲ್ಲ. ಹೊಗೆ ಕಾಣದಿದ್ದರೂ ಅಪಾಯ ಇದ್ದೇ ಇರುತ್ತದೆ.

‘ಒಂದು ಪೆಗ್ ಹಾಕಿದರೆ ಚಳಿ ಓಡಿಹೋಗುತ್ತದೆ’: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬೆಚ್ಚಗಾದಂತೆ ಅನಿಸಿದರೂ ದೇಹದ ಒಳಗಿನ ಬಿಸಿ ಹೊರಗೆ ಹೋಗುತ್ತಿರುತ್ತದೆ.

ಹಾಗಾದರೆ ಗೆದ್ದವರು ಯಾರು?

ಉಷ್ಣಾಂಶದಲ್ಲಿ ಸೈಬೀರಿಯಾ ಗೆಲ್ಲಬಹುದು. ಆದರೆ ಅತಿ ಕಷ್ಟದ ಚಳಿಗಾಲ ಇರುವುದು ತಣ್ಣನೆಯ ಮನೆ, ತೆಳುವಾದ ಹೊದಿಕೆ ಮತ್ತು ‘ನಮ್ಮಲ್ಲಿ ಚಳಿ ಅಷ್ಟೇನಿಲ್ಲ’ ಎಂಬ ಉಡಾಫೆ ಇರುವ ಕಡೆ. ಅದು ನಮ್ಮ ಬೀದಿಯಲ್ಲೂ ಇರಬಹುದು.

ಮನೆಯ ಹಿರಿಯರಿಗೆ ಟೋಪಿ, ಕಾಲುಚೀಲ, ಸ್ವೆಟರ್ ಕೊಡಿ. ರಾತ್ರಿಗೆ ಒಂದರ ಬದಲು ಎರಡು ಕೌದಿ ಹೊದಿಸಿ. ಬಿಪಿ, ಹೃದಯದ ತೊಂದರೆ ಇದ್ದವರು ಬೆಳಗಿನ ವಾಕಿಂಗನ್ನು ಬಿಸಿಲು ಬಂದ ಮೇಲೆ ಮಾಡಲಿ, ಮಾತ್ರೆ ತಪ್ಪಿಸದಿರಲಿ. ವಾಚ್‌ಮನ್‌ಗೆ, ಫುಟ್‌ಪಾತಿನಲ್ಲಿ ಮಲಗುವವರಿಗೆ ಒಂದು ಕಂಬಳಿ ಕೊಟ್ಟರೆ ಅದು ನಿಜವಾದ ಸಹಾಯ. ಗ್ರೂಪಿಗೆ ಏನಾದರೂ ಕಳಿಸಲೇಬೇಕೆಂದಿದ್ದರೆ, ದ್ರಾಸ್‌ನ ಸ್ಥಾನದ ಬದಲು ಕೆಂಡದ ಎಚ್ಚರಿಕೆಯನ್ನು ಫಾರ್ವರ್ಡ್ ಮಾಡಿ.