ಮಾನ್ಯಖೇಟದಲ್ಲಿ ನೋಡೋಕೆ ಏನಿದೆ?

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಹಿಂದೆ ರಾಷ್ಟ್ರಕೂಟರ ಬಗ್ಗೆ ಮಾತಾಡಿದಾಗ, 972ರಲ್ಲಿ ಪರಮಾರರು ಮಾನ್ಯಖೇಟವನ್ನು ಲೂಟಿ ಮಾಡಿದರು, ಅಲ್ಲಿಗೆ ಆ ಊರಿನ ಕತೆ ಮುಗೀತು ಅಂದಿದ್ದೆ. ಅದು ಸರಿಯಲ್ಲ. ಆ ಊರನ್ನು ಕಣ್ಣಾರೆ ನೋಡಿ ಬಂದು ಮತ್ತೆ ಪುಸ್ತಕ ತೆರೆದಾಗಲೇ ಅದು ಗೊತ್ತಾಗಿದ್ದು.

ಹೈದರಾಬಾದಿಗೆ ಬಂದು ಒಂಬತ್ತು ವರ್ಷ ಆಯ್ತು. ಹಂಪಿ, ಬಾದಾಮಿ ಎರಡೆರಡು ಸಲ ನೋಡಿದ್ದೀನಿ. ನಾಲ್ಕು ಗಂಟೆ ದಾರಿಯ ಮಳಖೇಡ ಮಾತ್ರ ಉಳಿದುಬಿಟ್ಟಿತ್ತು. ಲಿಂಗಂಪಲ್ಲಿಯಲ್ಲಿ ರೈಲು ಹತ್ತಿದರೆ ವಿಕಾರಾಬಾದ್, ತಾಂಡೂರು, ಆಮೇಲೆ ಸೇಡಂ. ವಿಕಾರಾಬಾದಿನ ಅನಂತಗಿರಿ ಗುಡ್ಡಗಳ ಕಡೆಯಿಂದ ಎರಡು ನದಿ ಹೊರಡುತ್ತವೆ. ಮೂಸಿ ಪೂರ್ವಕ್ಕೆ ಹರಿದು ಹೈದರಾಬಾದಿಗೆ ಬರುತ್ತೆ, ಕಾಗಿಣಾ ಪಶ್ಚಿಮಕ್ಕೆ ಹರಿದು ಮಳಖೇಡಕ್ಕೆ ಹೋಗುತ್ತೆ. ಎರಡು ರಾಜಧಾನಿಗೂ ನೀರು ಒಂದೇ ಗುಡ್ಡದಿಂದ! ಸೇಡಂ ಹತ್ತಿರ ಆಗುತ್ತಿದ್ದಂತೆ ಎರಡೂ ಕಡೆ ತೊಗರಿ ಹೊಲ, ಹಾಸುಗಲ್ಲಿನ ಮನೆಗಳು, ಕಲ್ಲಿನ ಕ್ವಾರಿಗಳು, ಸಿಮೆಂಟ್ ಕಾರ್ಖಾನೆ.

ಆಟೋದವರು ಕೇಳಿದರು: "ಏನ್ ನೋಡ್ಲಾಕ್ ಬಂದೀರಿ ಸರ್? ಇಲ್ಲಿ ಕಲ್ಲೇ ಅವ ನೋಡ್ರಿ." ಏಳು ವರ್ಷದ ಮಗಳು ಕೋಟೆಯೊಳಗೆ ಒಂದು ಸುತ್ತು ಹಾಕಿ, "ಅಪ್ಪಾ, ಅರಮನೆ ಎಲ್ಲಿ?" ಅಂದಳು. ಇಬ್ಬರಿಗೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಜಕ್ಕೂ ಕಣ್ಣಿಗೆ ಸಿಗೋದು ಕಡಿಮೆ. ನದಿ ದಂಡೆಯ ಕೋಟೆ ಇದೆ, ಅದರಲ್ಲಿ ನಂತರದ ಕಾಲದ ಕಟ್ಟಡಗಳೂ ಸೇರಿಕೊಂಡಿವೆ. ನೇಮಿನಾಥ ಬಸದಿ ಇದೆ, ಅಲ್ಲಿ ಪಂಚಲೋಹದ ಪುಟ್ಟ ಗುಡಿಯ ಮೈತುಂಬ ಜಿನಬಿಂಬಗಳು. ಇದನ್ನು ತಪ್ಪಿಸಬೇಡಿ. ಜಯತೀರ್ಥರ ಬೃಂದಾವನ ಇರುವ ಉತ್ತರಾದಿ ಮಠವೂ ಇಲ್ಲೇ. ಅಷ್ಟೇ.

ಆದರೆ ಒಂಬತ್ತನೇ ಶತಮಾನದಲ್ಲಿ ಇಲ್ಲಿ ಏನೆಲ್ಲ ನಡೀತು ನೋಡಿ. ಅಮೋಘವರ್ಷ ನೃಪತುಂಗ 814ರಿಂದ ಸುಮಾರು 64 ವರ್ಷ ಆಳಿದ. ಅವನ ಆಸ್ಥಾನದಲ್ಲಿ ಕನ್ನಡದ ಮೊದಲ ಉಪಲಬ್ಧ ಗ್ರಂಥ 'ಕವಿರಾಜಮಾರ್ಗ' ಹುಟ್ಟಿತು. ಬರೆದವನು ಶ್ರೀವಿಜಯ, ನೃಪತುಂಗನ ಸಮ್ಮತಿ ಇದೆ ಅಂತ ಗ್ರಂಥವೇ ಹೇಳುತ್ತೆ. (ನಮ್ಮ ಭಾಷೆಯಲ್ಲಿ ಹೇಳೋದಾದರೆ, ಕೋಡ್ ಶ್ರೀವಿಜಯನದು, ಅಪ್ರೂವಲ್ ರಾಜನದು.) ಅದೇ ರಾಜನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಎನ್ ವಸ್ತುಗಳಲ್ಲಿ ಆರ್ ವಸ್ತುಗಳನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಅನ್ನೋ ಸಾಮಾನ್ಯ ಸೂತ್ರ ಅದರಲ್ಲಿದೆ. ಎಂಟೆಕ್ ಮುಗಿಸುವ ತನಕ ಅದನ್ನು ನೂರು ಸಲ ಬಳಸಿದ್ದೀನಿ, ಒಬ್ಬ ಮೇಷ್ಟ್ರೂ ಈ ಹೆಸರು ಹೇಳಿರಲಿಲ್ಲ.

ಈಗ ನನ್ನ ತಪ್ಪಿಗೆ ಬರೋಣ. 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದವನು ಮೂರನೇ ಕೃಷ್ಣ. ಅವನು ತೀರಿಕೊಂಡ ಐದಾರು ವರ್ಷದಲ್ಲೇ, ಖೊಟ್ಟಿಗನ ಕಾಲಕ್ಕೆ, ಮಾಳವದ ಸೀಯಕ ರಾಜಧಾನಿಯೊಳಗೇ ನುಗ್ಗಿದ. ಈ ಸೀಯಕ ಹೊರಗಿನವನೇನಲ್ಲ, ಮೊದಲು ರಾಷ್ಟ್ರಕೂಟರ ಸಾಮಂತನೇ ಆಗಿದ್ದವನು. ಮರುವರ್ಷ ಕರ್ಕನನ್ನು ಸೋಲಿಸಿ ಪಟ್ಟ ಕಿತ್ತುಕೊಂಡ ಚಾಲುಕ್ಯ ತೈಲಪನೂ ಅಷ್ಟೇ, ಇವರ ಕೈಕೆಳಗೆ ತರ್ದವಾಡಿ ನಾಡನ್ನು ನೋಡಿಕೊಳ್ತಾ ಇದ್ದವನು.

ಲೂಟಿಯ ವರ್ಷ ನಮಗೆ ಹೇಗೆ ಗೊತ್ತು? ಧಾರಾನಗರದಲ್ಲಿ ಧನಪಾಲ ಅನ್ನೋ ಕವಿ ತನ್ನ ತಂಗಿ ಸುಂದರಿಗಾಗಿ ಒಂದು ಪ್ರಾಕೃತ ನಿಘಂಟು ಬರೆದ. ಮಾಳವದವರು ಮಾನ್ಯಖೇಟವನ್ನು ಲೂಟಿ ಮಾಡಿದ ವರ್ಷ ಇದನ್ನು ಮುಗಿಸಿದೆ ಅಂತ ಅದರಲ್ಲಿ ಗುರುತು ಹಾಕಿದ್ದಾನೆ. ಗೆದ್ದವರ ಊರಿನ ಮಾತು ಇದು. ಸೋತ ಊರಿನ ಮಾತು ಬೇಕೆಂದರೆ ಪುಷ್ಪದಂತ ಇದ್ದಾನೆ. ಬೇರೆ ಕಡೆಯಿಂದ ಬಂದು ಇಲ್ಲಿ ಮಂತ್ರಿಗಳ ಆಶ್ರಯದಲ್ಲಿ ನೆಲೆಸಿದ ಅಪಭ್ರಂಶ ಕವಿ. ಕನ್ನಡದ ರಾಜಧಾನಿಯಲ್ಲಿ ಇನ್ನೊಂದು ಭಾಷೆಯಲ್ಲಿ ಬರೆದುಕೊಂಡು ಬದುಕಿದವನು. ಅವನ 'ಮಹಾಪುರಾಣ'ದ ಜೊತೆ ಸಿಗುವ ಒಂದು ಪದ್ಯದಲ್ಲಿ, ದಿಕ್ಕಿಲ್ಲದವರಿಗೆ ಆಸರೆಯಾಗಿದ್ದ ಊರು ಸುಟ್ಟುಹೋಯಿತು, ಇನ್ನು ತಾನು ಎಲ್ಲಿರಬೇಕು ಅಂತ ಕೇಳಿಕೊಳ್ತಾನೆ. ಗಚ್ಚಿಬೌಲಿಯ ಬಾಡಿಗೆ ಮನೆಯಲ್ಲಿ ರಾತ್ರಿ ಅದನ್ನು ಓದಿದ ಮೇಲೆ ನಿದ್ದೆ ಬರಲಿಲ್ಲ.

ಆದರೂ ಊರು ಅವತ್ತೇ ಸಾಯಲಿಲ್ಲ. ತೈಲಪ, ಅವನ ನಂತರದವರು ಇಲ್ಲಿಂದಲೇ ಆಳಿದರು. ಹನ್ನೊಂದನೇ ಶತಮಾನದಲ್ಲಿ ಒಂದನೇ ಸೋಮೇಶ್ವರ ರಾಜಧಾನಿಯನ್ನು ಕಲ್ಯಾಣಕ್ಕೆ, ಅಂದರೆ ಈಗಿನ ಬಸವಕಲ್ಯಾಣಕ್ಕೆ ಒಯ್ದ. ಆಸ್ಥಾನ ಹೋದ ಕಡೆ ಬರಹಗಾರರು, ವ್ಯಾಪಾರಿಗಳು, ಕುಶಲಕರ್ಮಿಗಳು ಹೋಗಿರಲೇಬೇಕು. ಕೆಲಸ ಹೋದ ಊರಿಗೆ ನಾವು ಬಂದ ಹಾಗೆ. ನನ್ನ ಲೆಕ್ಕದಲ್ಲಿ ಮಾನ್ಯಖೇಟವನ್ನು ಕಲ್ಲಿನ ರಾಶಿ ಮಾಡಿದ್ದು ಸೀಯಕನ ಬೆಂಕಿಗಿಂತ ಹೆಚ್ಚಾಗಿ ಈ ವರ್ಗಾವಣೆ.

ಮಧ್ಯಾಹ್ನ ಸೇಡಂನ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ. ಮಗಳು ಒಂದು ತುತ್ತು ತಿಂದು "ಇದು ಗೋಂಗೂರ!" ಅಂದಳು. ಹೌದು, ಅದೇ ಸೊಪ್ಪು. 1948ರವರೆಗೆ ಈ ಸೀಮೆಯೂ ನಿಜಾಮರದೇ. 1956ರವರೆಗೂ ಹೈದರಾಬಾದೇ ಇವರ ರಾಜಧಾನಿ. ಊಟ ಬಡಿಸಿದ ಅಜ್ಜಿ ನಾವು ಎಲ್ಲಿಂದ ಬಂದ್ವಿ ಅಂತ ಕೇಳಿದರು. ಹೈದರಾಬಾದ್ ಅಂದೆ. "ಹಂಗಾರ ನಮ್ಮೋರೇ ಬಿಡ್ರಿ" ಅಂದು ಇನ್ನೊಂದು ರೊಟ್ಟಿ ಹಾಕಿದರು.

ಹೋಗೋದಾದರೆ ನವೆಂಬರಿನಿಂದ ಜನವರಿಯೊಳಗೆ ಹೋಗಿ. ಕೋಟೆಯಲ್ಲಿ ನೆರಳಿಲ್ಲ, ನೀರು ಜೊತೆಗಿರಲಿ. ಮಕ್ಕಳಿಗೆ ಅರಮನೆ ಇಲ್ಲ ಅಂತ ರೈಲಿನಲ್ಲೇ ಹೇಳಿಬಿಡಿ.