ನವೀಕರಣ ಹಂಚಿಕೆ: ಒಂದೇ ಗಣಕಕ್ಕೆ ಎರಡು ಆದೇಶ ಬೇಡ

ಮೈಕ್ರೋಸಾಫ್ಟ್ ಸಂಸ್ಥೆಯು ಪ್ರತಿ ತಿಂಗಳ ಎರಡನೇ ಮಂಗಳವಾರ ವಿಂಡೋಸ್‌ನ ಭದ್ರತಾ ನವೀಕರಣಗಳನ್ನು ಬಿಡುಗಡೆ ಮಾಡುತ್ತದೆ. ಶಾಖಾ ಕಚೇರಿಯೊಂದರಲ್ಲಿ 30 ಗಣಕಗಳಿವೆ, ನವೀಕರಣದ ಗಾತ್ರ 500 ಎಂಬಿ ಎಂದಿಟ್ಟುಕೊಳ್ಳೋಣ. ಪ್ರತಿಯೊಂದು ಗಣಕವೂ ಅದನ್ನು ಪ್ರತ್ಯೇಕವಾಗಿ ಇಳಿಸಿಕೊಂಡರೆ 15 ಜಿಬಿ ಮಾಹಿತಿ ಕಚೇರಿಯ ಒಂದೇ ಅಂತರಜಾಲ ಸಂಪರ್ಕದ ಮೂಲಕ ಹಾದುಬರಬೇಕು. ಸಂಪರ್ಕ ದುರ್ಬಲವಾಗಿದ್ದರೆ ದೈನಂದಿನ ಕೆಲಸ ಕುಂಟುತ್ತದೆ. ಭದ್ರತಾ ತೇಪೆಯೂ ತಡವಾಗುತ್ತದೆ.

ಈ ಹೊರೆಯನ್ನು ತಗ್ಗಿಸಲು 2015ರಲ್ಲಿ ವಿಂಡೋಸ್ 10ರೊಂದಿಗೆ ಬಂದ ವ್ಯವಸ್ಥೆಯೇ ‘ಡೆಲಿವರಿ ಆಪ್ಟಿಮೈಸೇಶನ್’. ಒಂದು ಗಣಕ ಇಳಿಸಿಕೊಂಡ ಕಡತದ ತುಣುಕುಗಳನ್ನು ನೆರೆಯ ಗಣಕಗಳು ಅದರಿಂದಲೇ ಪಡೆಯುವ ಪೀರ್-ಟು-ಪೀರ್ ವಿಧಾನವಿದು. ಆದರೆ ಇದರ ಸಂಯೋಜನೆಗಳು ಪರಸ್ಪರ ಘರ್ಷಿಸಿದರೆ ಹಂಚಿಕೆ ಸದ್ದಿಲ್ಲದೆ ನಿಂತುಹೋಗಬಹುದು. ನವೀಕರಣ ಹೇಗೋ ಬಂದು ಸೇರುವುದರಿಂದ ದೋಷ ಯಾರ ಗಮನಕ್ಕೂ ಬರುವುದಿಲ್ಲ.

ಹಂಚಿಕೆಯ ವಿಧಾನಗಳು

ಇದರ ಮುಖ್ಯ ಸಂಯೋಜನೆ ‘ಡೌನ್‌ಲೋಡ್ ಮೋಡ್’. 0 ಎಂದರೆ ಸಹಗಣಕಗಳ ನೆರವಿಲ್ಲದ ನೇರ ಇಳಿಕೆ. 1 ಸ್ಥಳೀಯ ಜಾಲದೊಳಗಿನ ಹಂಚಿಕೆ. 2 ಗೊತ್ತುಪಡಿಸಿದ ಗುಂಪಿನೊಳಗಿನ ಹಂಚಿಕೆ. 3 ಅಂತರಜಾಲದ ಇತರ ಗಣಕಗಳೊಂದಿಗೂ ಹಂಚಿಕೆ. 99 ಎಂಬುದು ಮೈಕ್ರೋಸಾಫ್ಟ್‌ನ ಹಂಚಿಕೆ ಸೇವೆಯನ್ನು ಸಂಪರ್ಕಿಸಲಾಗದ ಜಾಲಗಳಿಗಾಗಿ ಇರುವ ಸರಳ ವಿಧಾನ. 100ನೇ ವಿಧಾನವನ್ನು ವಿಂಡೋಸ್ 11ರಲ್ಲಿ ಕೈಬಿಡಲಾಗಿದ್ದು, ಅದನ್ನು ಹಾಗೆಯೇ ಉಳಿಸಿಕೊಂಡರೆ ಕೆಲವು ಕಡತಗಳು ಇಳಿಯದೇ ಹೋಗಬಹುದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ಹೊಸ ಆವೃತ್ತಿಗೆ ಸಾಗುವ ಕಚೇರಿಗಳು ಹಳೆಯ ಸಂಯೋಜನೆಗಳನ್ನು ಮರುಪರಿಶೀಲಿಸುವುದು ಒಳಿತು.

ಘರ್ಷಣೆಯ ಮೂಲ

ಈ ಸಂಯೋಜನೆಗಳನ್ನು ‘ಗ್ರೂಪ್ ಪಾಲಿಸಿ’ ಮೂಲಕವೂ, ಇನ್‌ಟ್ಯೂನ್‌ನಂತಹ ದೂರನಿರ್ವಹಣಾ ಸೇವೆಯ ಮೂಲಕವೂ ವಿಧಿಸಬಹುದು. ಎರಡೂ ಕಡೆ ಭಿನ್ನ ಆದೇಶಗಳಿದ್ದಲ್ಲಿ ವಿಂಡೋಸ್‌ನ ಸಾಮಾನ್ಯ ನಿಯಮದಂತೆ ಗ್ರೂಪ್ ಪಾಲಿಸಿಯದೇ ಮೇಲುಗೈ. ಇನ್‌ಟ್ಯೂನ್‌ನಲ್ಲಿ 2ನೇ ವಿಧಾನವನ್ನು ಆರಿಸಿದ್ದರೂ, ಎಂದೋ ಬರೆದಿಟ್ಟ ಗ್ರೂಪ್ ಪಾಲಿಸಿಯಲ್ಲಿ 0 ಎಂದಿದ್ದರೆ ಮೇಲಿನ ಉದಾಹರಣೆಯ ಪೂರ್ತಿ 15 ಜಿಬಿ ಮತ್ತೆ ಹೊರಗಿನಿಂದಲೇ ಬರುತ್ತದೆ.

ಒಂದೇ ಸಾಧನದೊಳಗೂ ಘರ್ಷಣೆ ಸಾಧ್ಯ. ಗುಂಪಿನ ಗುರುತನ್ನು ನೇರವಾಗಿ ನಮೂದಿಸಿದರೆ, ಗುರುತನ್ನು ತಾನಾಗಿಯೇ ಆರಿಸುವ ‘ಗ್ರೂಪ್ ಐಡಿ ಸೋರ್ಸ್’ ಸೂಚನೆ ನಿರ್ಲಕ್ಷಿತವಾಗುತ್ತದೆ. 2ನೇ ವಿಧಾನ ಜಾರಿಯಲ್ಲಿಲ್ಲದಿದ್ದರೂ ಆ ಸೂಚನೆಗೆ ಅರ್ಥವಿಲ್ಲ. ತಾತ್ಕಾಲಿಕ ಸಂಗ್ರಹದ ಮಿತಿಯನ್ನು ಶೇಕಡಾವಾರು ಮತ್ತು ಜಿಬಿ ಎರಡರಲ್ಲೂ ಕೊಟ್ಟರೆ ಜಿಬಿ ಲೆಕ್ಕವೇ ಅನ್ವಯಿಸುತ್ತದೆ.

ಜಾಲ ವಿಭಾಗದ ನಿರ್ಧಾರವೂ ಅಡ್ಡಬರಬಹುದು. ಗಣಕಗಳು ಪರಸ್ಪರ ಮಾತನಾಡಲು ಟಿಸಿಪಿ 7680ನೇ ಪೋರ್ಟ್ ಬಳಸುತ್ತವೆ. ಫೈರ್‌ವಾಲ್ ಅದನ್ನು ಮುಚ್ಚಿದ್ದರೆ ಉಳಿದೆಲ್ಲ ಸಂಯೋಜನೆ ಸರಿಯಿದ್ದೂ ಫಲವಿಲ್ಲ.

ಅನುಸರಿಸಬೇಕಾದ ಕ್ರಮ

ಮೊದಲನೆಯದಾಗಿ, ಈ ಸಂಯೋಜನೆಗಳ ಒಡೆತನ ಒಂದೇ ಸಾಧನಕ್ಕಿರಲಿ. ಇನ್‌ಟ್ಯೂನ್‌ಗೆ ಸಾಗುವವರು ಅದೇ ವಿಷಯದ ಹಳೆಯ ಗ್ರೂಪ್ ಪಾಲಿಸಿಯನ್ನು ‘ನಾಟ್ ಕಾನ್ಫಿಗರ್ಡ್’ ಸ್ಥಿತಿಗೆ ತರಬೇಕು. ಎರಡೂ ಕಡೆ ಒಂದೇ ಮೌಲ್ಯವಿದೆಯೆಂದು ಸುಮ್ಮನಿರುವುದು ಸಲ್ಲದು; ನಾಳೆ ಒಂದನ್ನು ಬದಲಿಸಿದಾಗ ಇನ್ನೊಂದು ಅಡ್ಡಗಾಲಾಗುತ್ತದೆ.

ಎರಡನೆಯದಾಗಿ, ನಿರ್ವಾಹಕರ ಪರದೆಯನ್ನಷ್ಟೇ ನಂಬದೆ ಶಾಖೆಯ ಗಣಕವನ್ನೇ ಪರೀಕ್ಷಿಸಬೇಕು. ಪವರ್‌ಶೆಲ್‌ನಲ್ಲಿ ‘ಗೆಟ್-ಡಿಒಕಾನ್ಫಿಗ್ -ವರ್ಬೋಸ್’ ಆಜ್ಞೆ ನೀಡಿದರೆ ಜಾರಿಯಲ್ಲಿರುವ ಮೌಲ್ಯಗಳೂ ಅವು ಎಲ್ಲಿಂದ ಬಂದವೆಂಬುದೂ ತಿಳಿಯುತ್ತದೆ. ‘ಗೆಟ್-ಡೆಲಿವರಿಆಪ್ಟಿಮೈಸೇಶನ್‌ಸ್ಟೇಟಸ್’ ಆಜ್ಞೆಯು ಸಹಗಣಕಗಳಿಂದ ಎಷ್ಟು, ಹೊರಗಿನ ಸರ್ವರ್‌ನಿಂದ ಎಷ್ಟು ಮಾಹಿತಿ ಬಂತೆಂದು ತೋರಿಸುತ್ತದೆ. ಒಂದೇ ನವೀಕರಣವನ್ನು ಹಲವು ಗಣಕಗಳು ಪಡೆದ ಮೇಲೂ ಸಹಗಣಕಗಳ ಲೆಕ್ಕ ಎಲ್ಲೆಡೆ ಸೊನ್ನೆಯಾಗಿಯೇ ಉಳಿದರೆ, ಹಂಚಿಕೆ ನಡೆಯುತ್ತಿಲ್ಲವೆಂದೇ ಅರ್ಥ.

ಮೂರನೆಯದಾಗಿ, ಬದಲಾವಣೆಯನ್ನು ಮೊದಲು ಒಂದು ಶಾಖೆಯಲ್ಲಿ ಜಾರಿಗೊಳಿಸಿ, ಮುಂದಿನ ಮಾಸಿಕ ನವೀಕರಣದ ಫಲಿತಾಂಶ ನೋಡಿ ಉಳಿದೆಡೆಗೆ ವಿಸ್ತರಿಸುವುದು ಕ್ಷೇಮ. ಯಾವ ಮೌಲ್ಯವನ್ನು ಯಾರು, ಯಾವ ದಿನ, ಏಕೆ ಬದಲಿಸಿದರೆಂಬ ದಾಖಲೆಯೂ ಇರಲಿ. ನಿರ್ವಾಹಕರು ಬದಲಾದರೂ ಹಳೆಯ ಆದೇಶದ ಜಾಡು ಸಿಗಲು ಅದೊಂದೇ ದಾರಿ.