ಸೇರಿನಲ್ಲಿ ಅಳೆದ ವಿದ್ಯೆ

2012ರ ದಸರಾ ರಜೆ. ನಮ್ಮ ಮನೆಯ ಊಟದ ಮೇಜಿನ ಒಂದು ತುದಿಯಲ್ಲಿ ನಾನು ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕೂತಿದ್ದೆ. ಇನ್ನೊಂದು ತುದಿಯಲ್ಲಿ ರಜೆಗೆಂದು ಬಂದಿದ್ದ ತಮ್ಮನ ಮಗಳು ದಪ್ಪನೆಯ ಫೈಲೊಂದನ್ನು ಬಿಚ್ಚಿಕೊಂಡಿದ್ದಳು. ಅವಳು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು. ನಾನು ಮಕ್ಕಳಿಗೆ ಅಂಕ ಹಾಕುತ್ತಿದ್ದೆ. ಅವಳು ತನಗೆ ತಾನೇ ಅಂಕ ಹಾಕಿಕೊಳ್ಳುತ್ತಿದ್ದಳು.

"ಏನೇ ಅದು?" ಎಂದೆ.

"ಬಡ್ತಿಯ ಫಾರಂ ಅತ್ತೆ. ಒಂದು ಲೇಖನಕ್ಕೆ 15 ಅಂಕ. ನನಗಿನ್ನೂ ಸಾಲದು."

ವಿಶ್ವವಿದ್ಯಾನಿಲಯ ಅನುದಾನ ಆಯೋಗ, ಅಂದರೆ ಎಲ್ಲರ ಬಾಯಲ್ಲಿರುವ ಯುಜಿಸಿ, 2010ರಲ್ಲಿ ತಂದ ನಿಯಮ ಅದು. ತಜ್ಞರು ಪರಿಶೀಲಿಸಿ ಅಚ್ಚುಹಾಕುವ ಪತ್ರಿಕೆಯಲ್ಲಿ ಲೇಖನ ಬಂದರೆ ಇಷ್ಟು, ವಿದ್ಯಾರ್ಥಿಗೆ ಪಿಎಚ್.ಡಿ. ಕೊಡಿಸಿದರೆ ಇಷ್ಟು ಎಂದು ಪ್ರತಿಯೊಂದಕ್ಕೂ ಅಂಕ. ಎಲ್ಲ ಕೂಡಿಸಿ ಗೆರೆ ಮುಟ್ಟಿದರೆ ಬಡ್ತಿ.

ಈ ಹುಡುಗಿ ಮೂರು ವರ್ಷ ಬೀಡಿ ಕಟ್ಟುವ ಹೆಂಗಸರ ಜಗಲಿಗಳಲ್ಲಿ ಕೂತು ಲೆಕ್ಕ ಬರೆದುಕೊಂಡಿದ್ದವಳು. ಎಲೆ ಕಡಿಮೆ ಬಿದ್ದಾಗ ಕೈಯಿಂದ ಎಷ್ಟು ಹೋಯಿತು, ಸರಿಯಿಲ್ಲವೆಂದು ಎತ್ತಿ ಹಾಕಿದ ಬೀಡಿಗೆ ಕೂಲಿಯಲ್ಲಿ ಎಷ್ಟು ಮುರಿದರು ಎಂಬುದೆಲ್ಲ ಅವಳ ನೋಟುಪುಸ್ತಕದಲ್ಲಿತ್ತು. ಆ ಕೆಲಸದಿಂದ ಒಂದು ಒಳ್ಳೆಯ ಲೇಖನ ಬರೆಯಲು ಅವಳಿಗೆ ಒಂದು ವರ್ಷ ಹಿಡಿದಿತ್ತು. ಫಾರಂ ಕೇಳುತ್ತಿದ್ದುದು ಅದನ್ನಲ್ಲ, ಎಷ್ಟು ಲೇಖನ ಎಂಬುದನ್ನು. ಫೈಲಿನೊಳಗೆ ಒಂದು ಪತ್ರಿಕೆಯವರ ಕಾಗದವೂ ಇತ್ತು: 1500 ರೂಪಾಯಿ ಕಳಿಸಿದರೆ ಹದಿನೈದು ದಿನದಲ್ಲಿ ಅಚ್ಚಾಗುತ್ತದಂತೆ.

"ನೀನು ಕಳಿಸಿದೆಯಾ?"

ಅವಳು ತಲೆ ಎತ್ತಲಿಲ್ಲ. "ಎಲ್ಲರೂ ಕಳಿಸ್ತಾರೆ ಅತ್ತೆ. ಒಂದೇ ಲೇಖನವನ್ನು ಮೂರು ತುಂಡು ಮಾಡಿ ಮೂರು ಕಡೆ ಕಳಿಸಿದೆ."

ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಆದರೆ ವಿದ್ಯೆಯನ್ನು ಹೀಗೆ ಸೇರಿಗೆ ಹಾಕಿ ಅಳೆಯುವ ಪದ್ಧತಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಅಂದಿನಿಂದ ಸಿಕ್ಕಿದ್ದನ್ನು ಓದುತ್ತ ಬಂದಿದ್ದೇನೆ. ಓದಿದಾಗ ತಿಳಿದದ್ದೆಂದರೆ, ಅದನ್ನು ಹುಟ್ಟುಹಾಕಿದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ.

ಮೊದಲ ಎಣಿಕೆ ನಡೆದದ್ದು ಒಂದು ಪುಸ್ತಕ ಭಂಡಾರದ ಚಿಂತೆಯಿಂದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೊಮೋನಾ ಎಂಬ ಸಣ್ಣ ಕಾಲೇಜು. ಲೈಬ್ರರಿಗೆ ಇರುವ ಹಣ ಸ್ವಲ್ಪ, ಕೊಳ್ಳಬೇಕಾದ ರಸಾಯನಶಾಸ್ತ್ರದ ಪತ್ರಿಕೆಗಳು ಬಹಳ. ಯಾವುದನ್ನು ಕೊಳ್ಳುವುದು? 1927ರಲ್ಲಿ ಅಲ್ಲಿನ ಗ್ರಾಸ್ ಎಂಬ ಹೆಸರಿನ ಇಬ್ಬರು ಒಂದು ಉಪಾಯ ಮಾಡಿದರು. ಅಮೆರಿಕದ ರಸಾಯನಶಾಸ್ತ್ರ ಸಂಘದ ಪತ್ರಿಕೆಯ ಒಂದು ವರ್ಷದ ಸಂಚಿಕೆಗಳನ್ನು ತೆಗೆದುಕೊಂಡು, ಅದರಲ್ಲಿ ಬರೆದವರು ಅಡಿಟಿಪ್ಪಣಿಗಳಲ್ಲಿ ಬೇರೆ ಯಾವ ಯಾವ ಪತ್ರಿಕೆಗಳ ಹೆಸರು ಹೇಳಿದ್ದಾರೆಂದು ಎಣಿಸಿದರು. ಹೆಚ್ಚು ಸಲ ಹೆಸರು ಬಂದದ್ದನ್ನು ಮೊದಲು ಕೊಳ್ಳುವುದು. ಜರ್ಮನ್ ಪತ್ರಿಕೆಗಳು ಬಹಳ ಮುಂದಿದ್ದವು. ರಸಾಯನಶಾಸ್ತ್ರ ಓದುವವರಿಗೆ ಜರ್ಮನ್ ಭಾಷೆ ಬೇಕೇ ಬೇಕು ಎಂಬುದೂ ಅದರಿಂದ ಗೊತ್ತಾಯಿತು. ಮನೆಯೊಡತಿ ತಿಂಗಳ ಸಾಮಾನಿನ ಪಟ್ಟಿ ಮಾಡುವಂಥ ಲೆಕ್ಕ ಇದು. ಇದರಲ್ಲಿ ಯಾರ ಬಡ್ತಿಯ ಮಾತೂ ಇರಲಿಲ್ಲ.

ಮುಂದೆ ಬಂದವರು ಯೂಜೀನ್ ಗಾರ್ಫೀಲ್ಡ್. ಅಮೆರಿಕದ ವಕೀಲರಲ್ಲಿ 1873ರಿಂದಲೇ ಒಂದು ಪದ್ಧತಿಯಿತ್ತು. ಒಂದು ಹಳೆಯ ತೀರ್ಪನ್ನು ಆಮೇಲಿನ ಯಾವ ಯಾವ ತೀರ್ಪುಗಳಲ್ಲಿ ಹೆಸರಿಸಿದ್ದಾರೆ ಎಂದು ತೋರಿಸುವ ಪಟ್ಟಿ ಅದು. ವಿಜ್ಞಾನಕ್ಕೂ ಇಂಥದೊಂದು ಪಟ್ಟಿ ಬೇಕೆಂದು ಗಾರ್ಫೀಲ್ಡ್ 1955ರಲ್ಲಿ ಬರೆದರು. 1960ರ ದಶಕದಲ್ಲಿ ಅದನ್ನು ಮಾಡಿಯೂ ತೋರಿಸಿದರು. ಒಂದು ಲೇಖನವನ್ನು ಮುಂದೆ ಯಾರು ಯಾರು ಓದಿ ಬಳಸಿಕೊಂಡರು ಎಂಬ ದಾರಿ ಹಿಡಿದು ಹೋಗಲು ಸಂಶೋಧಕರಿಗೆ ಅದರಿಂದ ಬಹಳ ಅನುಕೂಲವಾಯಿತು.

ಆ ಪಟ್ಟಿಗೆ ಯಾವ ಪತ್ರಿಕೆಗಳನ್ನು ಸೇರಿಸಬೇಕೆಂದು ಆರಿಸಲು ಅವರೊಂದು ಸಂಖ್ಯೆ ಮಾಡಿಕೊಂಡರು. ಅದನ್ನೇ ಇಂಪ್ಯಾಕ್ಟ್ ಫ್ಯಾಕ್ಟರ್ ಎನ್ನುತ್ತಾರೆ. ಲೆಕ್ಕ ಸುಲಭ. ಒಂದು ಪತ್ರಿಕೆಯಲ್ಲಿ ಹಿಂದಿನ ಎರಡು ವರ್ಷ ಬಂದ ಲೇಖನಗಳನ್ನು ಈ ವರ್ಷ ಎಷ್ಟು ಸಲ ಉಲ್ಲೇಖಿಸಿದ್ದಾರೆ ನೋಡಿ, ಆ ಲೇಖನಗಳ ಸಂಖ್ಯೆಯಿಂದ ಭಾಗಿಸುವುದು. ಬರುವುದು ಪತ್ರಿಕೆಯ ಸರಾಸರಿ, ಲೇಖನದ್ದಲ್ಲ. ಒಂದು ತರಗತಿಯ ಸರಾಸರಿ 60 ಇದ್ದರೆ, ಅದರಲ್ಲಿ 95 ತೆಗೆದವಳೂ 25 ತೆಗೆದವಳೂ ಇರಬಹುದು. ಆ 60ನ್ನು ಇಬ್ಬರ ಅಂಕಪಟ್ಟಿಯಲ್ಲೂ ಬರೆದರೆ ಹೇಗಿರುತ್ತದೆ? ಹಾಗೆಯೇ ಆಯಿತು. ಪತ್ರಿಕೆಯ ಸಂಖ್ಯೆಯನ್ನು ಅದರಲ್ಲಿ ಬರೆದವರ ಹಣೆಗೆ ಅಂಟಿಸಿದರು. ಹೀಗೆ ಮಾಡಬೇಡಿ ಎಂದು ಗಾರ್ಫೀಲ್ಡ್ ಅವರೇ ಎಚ್ಚರಿಸಿದ್ದರು. 2017ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಸಂಖ್ಯೆ ಲೋಕವನ್ನೆಲ್ಲ ಸುತ್ತಿ ನಮ್ಮ ಹುಡುಗಿಯ ಫಾರಮ್ಮಿಗೂ ಬಂದಾಗಿತ್ತು.

ಇಡೀ ದೇಶದ ವಿಶ್ವವಿದ್ಯಾನಿಲಯಗಳನ್ನು ಒಟ್ಟಿಗೆ ಅಳೆಯಲು ಹೊರಟದ್ದು ಬ್ರಿಟನ್. ಮಾರ್ಗರೆಟ್ ಥ್ಯಾಚರ್ ಅವರ ಸರಕಾರ ಉನ್ನತ ಶಿಕ್ಷಣದ ಹಣಕ್ಕೆ ಕತ್ತರಿ ಹಾಕಿದ ಕಾಲ. ಇರುವ ಹಣವನ್ನು ಯಾರಿಗೆ ಎಷ್ಟು ಹಂಚಬೇಕು? 1986ರಲ್ಲಿ ಮೊದಲ ಸಲ ಎಲ್ಲ ಕಡೆಯ ಸಂಶೋಧನೆಯನ್ನು ಅಳೆದು ದರ್ಜೆ ಕೊಟ್ಟರು. ಕೆಲವು ವರ್ಷಗಳಿಗೊಮ್ಮೆ ಅದೇ ನಡೆಯಿತು. ಅಲ್ಲಿ ಬರೀ ಎಣಿಕೆಯಲ್ಲ. ಆಯಾ ವಿಷಯದ ವಿದ್ವಾಂಸರ ಸಮಿತಿ ಕೂತು ಓದುತ್ತಿತ್ತು. 2008ರ ಸರದಿಯಲ್ಲಿ ಒಬ್ಬೊಬ್ಬರಿಂದ ನಾಲ್ಕೇ ಕೃತಿ ಕೇಳಿದರು. 2014ರಿಂದ ಈ ಸಂಶೋಧನೆಯಿಂದ ಹೊರಗಿನ ಸಮಾಜಕ್ಕೆ ಏನಾಯಿತು ಎಂಬುದಕ್ಕೂ ಅಂಕ ಬಂತು. ಆ ವರ್ಷ ಅದು ನೂರಕ್ಕೆ 20 ಭಾಗ, 2021ರಲ್ಲಿ 25. ಇಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಅಳೆಯುವವರು ಬರುತ್ತಾರೆಂದು ಗೊತ್ತಾದ ಮೇಲೆ ಯಾರು ತಾನೇ ಹತ್ತು ವರ್ಷ ಸುಮ್ಮನೆ ಯೋಚಿಸುತ್ತ ಕೂರುತ್ತಾರೆ?

ಪೀಟರ್ ಹಿಗ್ಸ್ ಹಾಗೆ ಕೂತವರು. ಎಡಿನ್‌ಬರೋ ವಿಶ್ವವಿದ್ಯಾನಿಲಯದವರು. 1964ರಲ್ಲಿ ಅವರು ಬರೆದ ಪುಟ್ಟ ಲೇಖನಗಳಲ್ಲಿ ಒಂದನ್ನು ಪತ್ರಿಕೆಯೊಂದು ಬೇಡವೆಂದಿತ್ತು. ಅವರು ಅದನ್ನು ಇನ್ನೊಂದು ಕಡೆ ಕಳಿಸಿದರು. ಅಲ್ಲಿ ಹೇಳಿದ್ದ ಕಣ ಸಿಕ್ಕಿತೆಂದು ಜಿನೀವಾದ ಪ್ರಯೋಗಶಾಲೆ ಸಾರಿದ್ದು 2012ರ ಜುಲೈಯಲ್ಲಿ, 48 ವರ್ಷಗಳ ಮೇಲೆ. ನಡುವಿನ ಇಷ್ಟು ವರ್ಷಗಳಲ್ಲಿ ಅವರು ಬರೆದ ಲೇಖನಗಳು ಹತ್ತೂ ಇಲ್ಲ. ಅಳತೆಯ ಸರದಿ ಬಂದಾಗ ಇತ್ತೀಚಿನ ಲೇಖನಗಳ ಪಟ್ಟಿ ಕೊಡಿ ಎಂದು ವಿಭಾಗದಿಂದ ಕಾಗದ ಬಂದರೆ, ಏನೂ ಇಲ್ಲ ಎಂದು ಬರೆದು ಕಳಿಸುತ್ತಿದ್ದರಂತೆ. 2013ರಲ್ಲಿ ನೊಬೆಲ್ ಬಂದಾಗ ಅವರೇ ಪತ್ರಿಕೆಯೊಂದಕ್ಕೆ ಇದನ್ನು ಹೇಳಿದರು. ಇಂದಿನ ಕಾಲದಲ್ಲಾದರೆ ತನಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ ಎಂದೂ ಹೇಳಿದರು.

ಹಿಗ್ಸ್ ಹೇಗೋ ಉಳಿದುಕೊಂಡರು. ಒಬ್ಬ ಹೆಂಗಸಿನ ಕಥೆ ಬೇರೆ. ಹಂಗೇರಿಯ ಕಟುಕನ ಮಗಳು ಕಾತಲಿನ್ ಕರಿಕೊ 1985ರಲ್ಲಿ ಗಂಡನನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ಅಮೆರಿಕಕ್ಕೆ ಹೊರಟರು. ದೇಶದಿಂದ ಹೆಚ್ಚು ಹಣ ಹೊರಗೆ ಒಯ್ಯುವಂತಿರಲಿಲ್ಲ. ಕಾರು ಮಾರಿ ಬಂದ ದುಡ್ಡನ್ನು ಮಗಳ ಕರಡಿ ಗೊಂಬೆಯೊಳಗಿಟ್ಟು ಹೊಲಿದು ತಂದರು. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಅವರು ಹಿಡಿದದ್ದು ಎಂಆರ್‌ಎನ್‌ಎ ಎಂಬ ವಸ್ತುವಿನ ಕೆಲಸ. ಅಲ್ಲಿನ ಅಳತೆ ಎಷ್ಟು ಅನುದಾನ ತಂದೆ ಎಂಬುದು. ಇವರ ಅರ್ಜಿಗಳು ಒಂದಾದ ಮೇಲೊಂದು ತಿರಸ್ಕೃತವಾದವು. 1995ರಲ್ಲಿ, ಪ್ರಾಧ್ಯಾಪಕಿಯಾಗುವ ದಾರಿಯಿಂದ ಇಳಿದು ಕೆಳಗಿನ ಹುದ್ದೆಗೆ ಹೋಗಬೇಕು, ಇಲ್ಲವೇ ಬಿಟ್ಟು ಹೋಗಬೇಕು ಎಂಬ ಮಾತು ಬಂತು. ಅದೇ ದಿನಗಳಲ್ಲಿ ಅವರಿಗೆ ಕ್ಯಾನ್ಸರ್ ಇರಬಹುದೆಂಬ ಭಯ. ಗಂಡ ವೀಸಾದ ತೊಡಕಿನಿಂದ ಹಂಗೇರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅವರು ಇಳಿದರು, ಕೆಲಸ ಬಿಡಲಿಲ್ಲ. ಕೆಲವು ವರ್ಷಗಳಲ್ಲಿ ಝೆರಾಕ್ಸ್ ಯಂತ್ರದ ಬಳಿ ಡ್ರೂ ವೈಸ್‌ಮನ್ ಎಂಬವರ ಪರಿಚಯವಾಗಿ ಇಬ್ಬರೂ ಜೊತೆಗೂಡಿದರು. 2005ರಲ್ಲಿ ಬಂದ ಅವರ ಲೇಖನವನ್ನು ಆಗ ಗಮನಿಸಿದವರು ಕಡಿಮೆ. 2020ರಲ್ಲಿ ಕೊರೊನಾ ಬಂದಾಗ ಅದೇ ತಿಳಿವಳಿಕೆಯಿಂದ ಲಸಿಕೆ ತಯಾರಾಯಿತು. 2023ರಲ್ಲಿ ಇಬ್ಬರಿಗೂ ನೊಬೆಲ್.

ಕರಿಕೊ ಅವರ ತಾಯಿ ಪ್ರತಿವರ್ಷ ಅಕ್ಟೋಬರಿನಲ್ಲಿ ನೊಬೆಲ್ ಹೆಸರುಗಳನ್ನು ಕೇಳಲು ರೇಡಿಯೋ ಹಚ್ಚಿಕೊಂಡು ಕೂರುತ್ತಿದ್ದರಂತೆ. ನನಗೊಂದು ಪ್ರಾಧ್ಯಾಪಕ ಹುದ್ದೆಯೂ ಇಲ್ಲವಲ್ಲಮ್ಮ ಎಂದರೆ ಮಗಳ ಮಾತು ಅವರಿಗೆ ಲೆಕ್ಕಕ್ಕಿಲ್ಲ. ಮಗಳು ಎಷ್ಟು ದುಡಿಯುತ್ತಾಳೆಂಬುದು ಅವರಿಗೆ ಗೊತ್ತಿತ್ತು. ಆ ತಾಯಿ 2018ರಲ್ಲಿ ತೀರಿಕೊಂಡರು.

ಇಷ್ಟು ಓದಿದವರು, ಹಾಗಾದರೆ ಅಳತೆಯೇ ಬೇಡ ಎನ್ನಬಹುದು. ನಾನು ಹಾಗೆನ್ನಲಾರೆ. ನಮ್ಮ ಬೆಂಗಳೂರಿನದೇ ಒಂದು ಸಂಗತಿ ಹೇಳುತ್ತೇನೆ. 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ.ಯಲ್ಲಿ ಮೊದಲಿಗಳಾಗಿ ಪಾಸಾಗಿ, ಭಾರತೀಯ ವಿಜ್ಞಾನ ಮಂದಿರಕ್ಕೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಅರ್ಜಿ ಹಾಕಿದಳು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಬೇಡವೆಂದರು. ಅವಳು ಬಿಡಲಿಲ್ಲ, ಎದುರಿಗೆ ಹೋಗಿ ಕಾರಣ ಕೇಳಿದಳು. ಕೊನೆಗೆ ಒಂದು ವರ್ಷ ನೋಡೋಣವೆಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಅವಳು ಮಾಡಿದ ಕೆಲಸ ನೋಡಿದ ಮೇಲೆ ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು. ಮುಂದೆ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದ ಕಮಲಾ ಸೊಹೊನಿ ಇವರೇ.

ಅವಳ ಕೈಯಲ್ಲಿ ಆ ದಿನ ಇದ್ದದ್ದಾದರೂ ಏನು? ಮೊದಲ ಸ್ಥಾನ ಎಂಬ ಒಂದು ಅಂಕಪಟ್ಟಿ. ಅಂಕವೇ ಇಲ್ಲದ ಕಾಲದಲ್ಲಿ ದೊಡ್ಡವರ ಅಭಿಪ್ರಾಯವೇ ಅಳತೆ. ಆ ಅಭಿಪ್ರಾಯದಲ್ಲಿ ಹೆಣ್ಣುಮಕ್ಕಳಿಗೆ, ಶಿಫಾರಸು ಇಲ್ಲದವರಿಗೆ ಜಾಗ ಎಷ್ಟಿರುತ್ತಿತ್ತು ಎಂಬುದು ನಮಗೆ ಗೊತ್ತಿಲ್ಲದ್ದಲ್ಲ. ಅಂಕವೆಂಬುದು ನಮ್ಮಂಥವರಿಗೆ ಬಾಗಿಲು ತಟ್ಟಲು ಸಿಕ್ಕ ಕೋಲು. ಅದನ್ನು ಎಸೆಯಿರಿ ಎಂದು ನಾನು ಹೇಗೆ ಹೇಳಲಿ? ಆದರೆ ಒಂದು ಮಾತು. ಅಂಕ ಅವಳನ್ನು ಬಾಗಿಲವರೆಗೆ ಕರೆದೊಯ್ದಿತು. ಒಳಗಿನ ಬಾಗಿಲು ತೆರೆದದ್ದು ಅವಳ ಕೆಲಸವನ್ನು ಒಬ್ಬರು ಕಣ್ಣಿಟ್ಟು ನೋಡಿದಾಗ.

ಅಳತೆಯನ್ನೇ ಗುರಿ ಮಾಡಿಕೊಂಡರೆ ಅಳತೆಯೇ ಕೆಡುತ್ತದೆ ಎಂಬ ಅರ್ಥದ ಮಾತನ್ನು ಮರಿಲಿನ್ ಸ್ಟ್ರಾದರ್ನ್ ಎಂಬ ಕೇಂಬ್ರಿಜ್‌ನ ಮಾನವಶಾಸ್ತ್ರಜ್ಞೆ 1997ರಲ್ಲಿ ಬರೆದರು. ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳ ಈ ಅಳತೆಯ ಬಗ್ಗೆಯೇ ಬರೆದದ್ದು. ಓದಿದಾಗ ನನಗೆ ನೆನಪಾದದ್ದು ನಮ್ಮ ಶಾಲೆ. ಒಂದು ವರ್ಷ ಹತ್ತನೆಯ ತರಗತಿಯ ಫಲಿತಾಂಶ ನೂರಕ್ಕೆ ನೂರು ಆಗಬೇಕೆಂಬ ಹಟ ಎಲ್ಲರಿಗೂ ಹಿಡಿದಿತ್ತು. ಗಣಿತದಲ್ಲಿ ಹಿಂದಿದ್ದ ಒಬ್ಬ ಹುಡುಗಿಯ ತಾಯಿಯನ್ನು ಕರೆಸಿ, ಈ ಸಲ ಕೂರಿಸುವುದು ಬೇಡ, ಮುಂದಿನ ವರ್ಷ ಖಾಸಗಿಯಾಗಿ ಕಟ್ಟಿಸಿ ಎಂದು ಹೇಳಲಾಯಿತು. ಆ ಕೋಣೆಯಲ್ಲಿ ನಾನೂ ಇದ್ದೆ, ಸುಮ್ಮನೆ ಇದ್ದೆ. ಫಲಿತಾಂಶ ನೂರಕ್ಕೆ ನೂರು ಬಂತು, ಸಿಹಿ ಹಂಚಿದೆವು. ಆ ಹುಡುಗಿ ಮುಂದಿನ ವರ್ಷವೂ ಪರೀಕ್ಷೆ ಕಟ್ಟಲಿಲ್ಲ. ಅವಳು ನಮ್ಮ ಯಾವ ಲೆಕ್ಕದಲ್ಲೂ ಇಲ್ಲ. ಹಾಗಾಗಿ ದುಡ್ಡು ಕಳಿಸಿ ಲೇಖನ ಅಚ್ಚುಹಾಕಿಸಿದವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ ಎಂದೆನಲ್ಲ, ಅದಕ್ಕೆ ಕಾರಣ ಇದು.

ಲೋಕಕ್ಕೆ ಈ ತಪ್ಪು ತಿಳಿಯದೆ ಇಲ್ಲ. ಒಬ್ಬರ ಕೆಲಸವನ್ನು ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ ತೂಗಬಾರದು ಎಂಬ ಘೋಷಣೆಗೆ 2012ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಭೆಯಲ್ಲಿ ಬೀಜ ಬಿತ್ತು. ನಮ್ಮ ಯುಜಿಸಿ ಒಪ್ಪಿಗೆಯ ಪತ್ರಿಕೆಗಳ ಪಟ್ಟಿ ಮಾಡಿತು. 2018ರ ಮೇ ತಿಂಗಳಲ್ಲಿ ಅದರಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಆಮೇಲೆ ಹೊಸ ಪಟ್ಟಿ ಬಂತು; 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟು, ಒಳ್ಳೆಯ ಪತ್ರಿಕೆಯನ್ನು ಗುರುತಿಸುವ ಹೊಣೆಯನ್ನು ವಿಶ್ವವಿದ್ಯಾನಿಲಯಗಳಿಗೇ ಬಿಟ್ಟಿತು.

2018ರಲ್ಲಿ ತಮ್ಮನ ಮಗಳು ಫೋನು ಮಾಡಿದ್ದಳು. ಅವಳು ದುಡ್ಡು ಕಳಿಸಿದ್ದ ಪತ್ರಿಕೆಯೂ ಕಿತ್ತುಹಾಕಿದವುಗಳಲ್ಲಿ ಸೇರಿತ್ತಂತೆ. "ಬಡ್ತಿ ಯಾವತ್ತೋ ಆಯ್ತು ಅತ್ತೆ, ಅದಕ್ಕೇನೂ ತೊಂದರೆ ಇಲ್ಲ. ಆದರೆ ಆ ಬೀಡಿ ಲೆಕ್ಕ ಇದೆಯಲ್ಲ, ಅದನ್ನು ಯಾರೂ ಓದಲೇ ಇಲ್ಲ" ಎಂದಳು. ಆಮೇಲೆ ಮೂರು ತುಂಡುಗಳನ್ನೂ ಮತ್ತೆ ಒಂದು ಮಾಡಿ, ಕನ್ನಡದಲ್ಲಿ ಬರೆಯುತ್ತೇನೆ ಎಂದು ಕೂತಳು. ಅದಕ್ಕೆ ಫಾರಮ್ಮಿನಲ್ಲಿ ಎಷ್ಟು ಅಂಕ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬರೆದದ್ದನ್ನು ನನಗೆ ಕಳಿಸಿದಳು. ಎರಡು ರಾತ್ರಿ ಕೂತು ಓದಿದೆ. ಕೊನೆಯ ಪುಟದಲ್ಲಿ ಅಭ್ಯಾಸಬಲದಿಂದ ಅಂಕ ಹಾಕಲು ಕೆಂಪು ಪೆನ್ನು ಎತ್ತಿಕೊಂಡವಳು, ಅದನ್ನು ಕೆಳಗಿಟ್ಟು ಅರ್ಥವಾಗದ ಎರಡು ಜಾಗಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ ವಾಪಸು ಕಳಿಸಿದೆ.